ತಿಂಗಳಿಗೆ 6 ಕೆಜಿ ಇಳಿಸ್ತೀವಿ ಅನ್ನೋ ಪ್ಯಾಕೇಜ್‌ಗೆ ದುಡ್ಡು ಕಟ್ಟುವ ಮೊದಲು ಈ ಲೆಕ್ಕ ನೋಡಿ

ತೂಕ ಇಳಿಸಬೇಕು ಅಂತ ಓಡಾಡುತ್ತಿರುವ ಎಲ್ಲರಿಗೂ, ಅದರಲ್ಲೂ ಬಿಪಿ, ಶುಗರ್ ಮಾತ್ರೆ ತಗೊಳ್ಳುವವರಿಗೆ ಇದನ್ನು ಬರೆಯುತ್ತಿದ್ದೇನೆ. ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು ಅನ್ನುವ ಲೆಕ್ಕವನ್ನು ಬೇರೆಯವರ ಕೈಗೆ ಕೊಟ್ಟಾಗ ಏನಾಗುತ್ತದೆ ಅಂತ ನನ್ನ ಮೈಮೇಲೆ ನೋಡಿದ್ದೇನೆ. ಕೂದಲು ಉದುರಿತು, ತಲೆ ಸುತ್ತಿತು, ಮುಟ್ಟು ನಿಂತಿತು. ಕೊನೆಗೆ ಪಿತ್ತಕೋಶದಲ್ಲಿ ಕಲ್ಲಾಗಿ ಆಪರೇಷನ್ ಆಯಿತು.

ನನ್ನ ಊರು ದಾವಣಗೆರೆ. ಇಡೀ ದಿನ ಕುರ್ಚಿ ಮೇಲೆ ಕೂತು ಮಾಡುವ ಕೆಲಸ. ಆಗ ನನಗೆ 36 ವರ್ಷ, ಎತ್ತರ 158 ಸೆಂಟಿಮೀಟರ್, ತೂಕ 74 ಕೆಜಿ. ಬಿಪಿಗೆ ಒಂದು ಮಾತ್ರೆ ನಡೆಯುತ್ತಿತ್ತು. ಪರಿಚಯದವರೊಬ್ಬರು ಒಂದು 'ವೆಲ್‌ನೆಸ್ ಸೆಂಟರ್'ಗೆ ಕರೆದುಕೊಂಡು ಹೋದರು. ಅಲ್ಲಿನ ಕೋಚ್ ನನ್ನನ್ನು ಒಂದು ಮಷಿನ್ ಮೇಲೆ ನಿಲ್ಲಿಸಿದರು. ಚೀಟಿ ಬಂತು. ತೂಕ, ಕೊಬ್ಬಿನ ಶೇಕಡಾವಾರು, ಅದರ ಕೆಳಗೆ ಬಿಎಂಆರ್ (ಸುಮ್ನೆ ಮಲಗಿದ್ದರೂ ಮೈಗೆ ದಿನಕ್ಕೆ ಬೇಕಾದ ಕ್ಯಾಲೊರಿ) 1,390 ಅಂತ ಇತ್ತು. ಕೋಚ್ ಪೆನ್ನು ತೆಗೆದು, ಆ ಅಂಕಿಯ ಪಕ್ಕದಲ್ಲೇ 800 ಅಂತ ಬರೆದು ಸುತ್ತ ವೃತ್ತ ಹಾಕಿದರು. 'ದಿನಕ್ಕೆ ಇಷ್ಟೇ. ತಿಂಗಳಿಗೆ 6 ಕೆಜಿ ಗ್ಯಾರಂಟಿ' ಅಂದರು.

1,390 ಇರುವಾಗ 800 ಹೇಗೆ ಸಾಕಾಗುತ್ತದೆ ಅಂತ ನಾನು ಕೇಳಿದೆ. ಉಳಿದದ್ದು ಮೈಯಲ್ಲಿರುವ ಕೊಬ್ಬಿನಿಂದ ಬರುತ್ತೆ, ವಿದೇಶದಲ್ಲಿ ಡಾಕ್ಟರುಗಳೇ 800 ಕೊಡ್ತಾರೆ ಅನ್ನುವ ಉತ್ತರ ಬಂತು. ಯಾವ ಮಾತ್ರೆ ತಗೊಳ್ತೀರಿ, ಏನು ಕೆಲಸ, ಮನೆಯಲ್ಲಿ ಯಾರಿಗಾದರೂ ಪಿತ್ತಕಲ್ಲು ಇದೆಯಾ ಅಂತ ಒಂದೂ ಪ್ರಶ್ನೆ ಇಲ್ಲ. ನನ್ನ ಪಕ್ಕ ಕೂತಿದ್ದ ಎತ್ತರದ ಹುಡುಗನಿಗೂ ಅದೇ ಚಾರ್ಟು, ಅರವತ್ತು ದಾಟಿದ ಅಮ್ಮನಿಗೂ ಅದೇ ಚಾರ್ಟು. ಬೆಳಿಗ್ಗೆ ಒಂದು ಶೇಕ್, ಮಧ್ಯಾಹ್ನ ಎಣ್ಣೆ ಇಲ್ಲದ ಎರಡು ಫುಲ್ಕಾ, ನೀರಾದ ಬೇಳೆ, ಸೌತೆಕಾಯಿ, ಸಂಜೆ ಮಜ್ಜಿಗೆ, ರಾತ್ರಿ ಮತ್ತೆ ಶೇಕ್. ಶೇಕ್‌ನ ಡಬ್ಬಿ ಅವರ ಹತ್ತಿರವೇ ಕೊಳ್ಳಬೇಕು.

ಮೊದಲ ವಾರ 3 ಕೆಜಿ ಇಳಿಯಿತು. ಎಲ್ಲರೂ ಸಿಕ್ಕಿಬೀಳುವುದು ಇಲ್ಲೇ, ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೊಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. ಒಂದು ಗ್ರಾಂ ಗ್ಲೈಕೊಜನ್ ಜೊತೆ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ಅನ್ನ, ರೊಟ್ಟಿ ಇದ್ದಕ್ಕಿದ್ದಂತೆ ಕಡಿಮೆ ಮಾಡಿದರೆ ಆ ದಾಸ್ತಾನು ಖಾಲಿಯಾಗುತ್ತದೆ, ನೀರೂ ಹೊರಗೆ ಹೋಗುತ್ತದೆ. ಉಪ್ಪು ಕಡಿಮೆಯಾದರೆ ಇನ್ನಷ್ಟು ನೀರು. ಹೊಟ್ಟೆ, ಕರುಳಿನಲ್ಲಿರುವ ಊಟದ ತೂಕವೂ ಕಡಿಮೆ. ಮೊದಲ ವಾರ ತಕ್ಕಡಿ ತೋರಿಸುವುದು ಬಹುಪಾಲು ಇದನ್ನೇ. ಕೊಬ್ಬು ಕರಗಿರುವುದು ಸ್ವಲ್ಪವೇ. ಆದರೆ ಆ 3 ಕೆಜಿಯ ಫೋಟೊ ವಾಟ್ಸಾಪ್ ಗ್ರೂಪ್‌ಗೆ ಹೋಗುತ್ತದೆ, ಚಪ್ಪಾಳೆ ಬೀಳುತ್ತದೆ, ಮುಂದಿನ ಕಂತಿನ ದುಡ್ಡು ಕಟ್ಟಿಸಿಕೊಳ್ಳುತ್ತಾರೆ.

ಈಗ ಆ 'ತಿಂಗಳಿಗೆ 6 ಕೆಜಿ' ಮಾತನ್ನೇ ಲೆಕ್ಕ ಹಾಕೋಣ. ಒಂದು ಕೆಜಿ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. 6 ಕೆಜಿ ಕೊಬ್ಬು ಅಂದರೆ 46,200. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 1,540 ಕ್ಯಾಲೊರಿ ಕೊರತೆ ಬೀಳಬೇಕು. ನನ್ನಂಥ ಕೂತು ಕೆಲಸ ಮಾಡುವ ಹೆಂಗಸು ಇಡೀ ದಿನದಲ್ಲಿ ಖರ್ಚು ಮಾಡುವುದೇ ಸುಮಾರು 1,660. ಅಂದರೆ 6 ಕೆಜಿ ನಿಜವಾದ ಕೊಬ್ಬು ಕರಗಬೇಕಾದರೆ ದಿನಕ್ಕೆ 120 ಕ್ಯಾಲೊರಿ ತಿಂದು ಬದುಕಬೇಕು. ಒಂದೂವರೆ ಫುಲ್ಕಾ, ಅಷ್ಟೇ! ಹಾಗಾದರೆ ತಕ್ಕಡಿಯಲ್ಲಿ ಅಷ್ಟು ಇಳಿದದ್ದು ಎಲ್ಲಿಂದ? ನೀರಿನಿಂದ, ಮತ್ತೆ ಸ್ನಾಯುವಿನಿಂದ. ಸ್ನಾಯುವಿನಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಅದು ಕರಗಿದರೆ ತೂಕ ಬೇಗ ಇಳಿಯುತ್ತದೆ. ಆದರೆ ಕಳೆದುಕೊಳ್ಳಬಾರದ್ದು ಅದನ್ನೇ ಅಲ್ವಾ? ನಿಮಗೆ ಯಾರಾದರೂ ತಿಂಗಳಿಗೆ ಇಷ್ಟು ಕೆಜಿ ಅಂತ ಮಾತು ಕೊಟ್ಟರೆ, ಮೊಬೈಲ್ ತೆಗೆದು ಈ ಗುಣಾಕಾರ, ಭಾಗಾಕಾರ ಅವರ ಎದುರಿಗೇ ಮಾಡಿ.

ಆ 1,390, 1,660 ಎಲ್ಲಿಂದ ಬಂತು ಅಂತ ಹೇಳಬೇಕು. ಬಿಎಂಆರ್ ಅಂದರೆ ನೀವು ಸುಮ್ನೆ ಮಲಗಿದ್ದರೂ ಹೃದಯ, ಮಿದುಳು, ಲಿವರ್, ಕಿಡ್ನಿ ನಡೆಯಲು ಬೇಕಾದ ಶಕ್ತಿ. ಅದನ್ನು ಅಂದಾಜು ಮಾಡಲು ಹೆಚ್ಚಾಗಿ ಬಳಸುವುದು ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ, 1990ರಲ್ಲಿ ಬಂದದ್ದು. ತೂಕವನ್ನು 10ರಿಂದ ಗುಣಿಸಿ. ಎತ್ತರವನ್ನು ಸೆಂಟಿಮೀಟರ್‌ನಲ್ಲಿ ತಗೊಂಡು 6.25ರಿಂದ ಗುಣಿಸಿ ಅದಕ್ಕೆ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಆಮೇಲೆ ಹೆಂಗಸರಾದರೆ 161 ಕಳೆಯಿರಿ, ಗಂಡಸರಾದರೆ 5 ಕೂಡಿಸಿ. ನನ್ನದು 740, 987, ಅದರಲ್ಲಿ 180 ಹೋಗಿ, 161 ಹೋಗಿ ಸುಮಾರು 1,387. ಇದಕ್ಕೆ ದಿನದ ಚಟುವಟಿಕೆ ಸೇರಿಸಬೇಕು. ಕೂತು ಕೆಲಸ ಮಾಡುವವರು 1.2ರಿಂದ ಗುಣಿಸುತ್ತಾರೆ. ಬಂದದ್ದು 1,660ರ ಆಸುಪಾಸು. ತೂಕ ಏರದೆ ಇಳಿಯದೆ ನಿಲ್ಲಲು ಬೇಕಾದದ್ದು ಇಷ್ಟು.

ಈ ಸೂತ್ರ ಅಮೆರಿಕದ 498 ಜನರನ್ನು ಅಳೆದು ಮಾಡಿದ್ದು. ದಾವಣಗೆರೆಯ ನನ್ನ ಮೈಗೆ ಅದು ಅಕ್ಷರಶಃ ಒಪ್ಪಬೇಕು ಅಂತಿಲ್ಲ. ಹತ್ತರಲ್ಲಿ ಒಂದು ಭಾಗ ಆಚೀಚೆ ಆಗುವುದು ಸಾಮಾನ್ಯ. ಹೋಲಿಸಿ ನೋಡಲು ನಮ್ಮದೇ ಅಂಕಿಗಳಿವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಪಟ್ಟಿಯಲ್ಲಿ, ಕೂತು ಕೆಲಸ ಮಾಡುವ 55 ಕೆಜಿ ಹೆಂಗಸಿಗೆ ದಿನಕ್ಕೆ 1,660, 65 ಕೆಜಿ ಗಂಡಸಿಗೆ 2,110 ಕ್ಯಾಲೊರಿ ಅಂತಿದೆ. 800 ಎಲ್ಲಿ, ಇವು ಎಲ್ಲಿ.

ಇನ್ನು 'ವಿದೇಶದಲ್ಲಿ ಡಾಕ್ಟರುಗಳೇ ಕೊಡ್ತಾರೆ' ಅನ್ನುವ ಮಾತು. ಅದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಅದು ಅಪಾಯ. ಬ್ರಿಟನ್‌ನಲ್ಲಿ ಡೈರೆಕ್ಟ್ ಅನ್ನುವ ಅಧ್ಯಯನ ನಡೆಯಿತು, ಮೊದಲ ಫಲಿತಾಂಶ 2017ರಲ್ಲಿ ಬಂತು. ಟೈಪ್ 2 ಡಯಾಬಿಟಿಸ್ ಇದ್ದವರಿಗೆ ಕೆಲವು ತಿಂಗಳು ದಿನಕ್ಕೆ 825ರಿಂದ 853 ಕ್ಯಾಲೊರಿ ಕೊಟ್ಟರು. ಅನೇಕರ ಶುಗರ್ ಮಾತ್ರೆಯಿಲ್ಲದೆ ಹತೋಟಿಗೆ ಬಂತು. ಆದರೆ ಅಲ್ಲಿ ಶುಗರ್ ಮತ್ತು ಬಿಪಿ ಮಾತ್ರೆಗಳನ್ನು ಮೊದಲ ದಿನವೇ ನಿಲ್ಲಿಸಿದ್ದರು. ನರ್ಸ್ ಅಥವಾ ಡಯಟಿಷಿಯನ್ ಆಗಾಗ ನೋಡುತ್ತಿದ್ದರು. ಕುಡಿಯಲು ಕೊಟ್ಟದ್ದು ವಿಟಮಿನ್, ಖನಿಜ ಎಲ್ಲ ಅಳತೆಯಲ್ಲಿ ಸೇರಿಸಿದ ಪೂರ್ತಿ ಆಹಾರ. ಆಮೇಲೆ ಸಾಮಾನ್ಯ ಊಟಕ್ಕೆ ವಾರಗಟ್ಟಲೆ ನಿಧಾನವಾಗಿ ಮರಳಿಸಿದರು. ನಮ್ಮ ಸೆಂಟರ್‌ನಲ್ಲಿ 800 ಅನ್ನುವ ಅಂಕಿ ಮಾತ್ರ ಇತ್ತು, ಉಳಿದ ಒಂದೂ ಇರಲಿಲ್ಲ.

ನನ್ನ ಬಿಪಿ ಮಾತ್ರೆ ಹಾಗೇ ನಡೆದಿತ್ತು. ತೂಕ ಇಳಿದಂತೆ, ಊಟ ಕಡಿಮೆಯಾದಂತೆ ಬಿಪಿ ತಾನೇ ಇಳಿಯುತ್ತದೆ. ಮೇಲೆ ಹಳೇ ಡೋಸ್. ಒಂದು ಬೆಳಿಗ್ಗೆ ಒಗೆದ ಬಟ್ಟೆಯ ಬಕೆಟ್ ಎತ್ತಲು ಬಗ್ಗಿ ಎದ್ದೆ, ಕಣ್ಣು ಕಪ್ಪಿಟ್ಟಿತು, ಗೋಡೆ ಹಿಡಿದು ಹಾಗೇ ಕುಸಿದು ಕೂತೆ. ಗ್ರೂಪ್‌ನಲ್ಲಿ ಹೇಳಿದರೆ 'ಟಾಕ್ಸಿನ್ ಹೊರಗೆ ಹೋಗ್ತಾ ಇದೆ, ಒಳ್ಳೇ ಲಕ್ಷಣ' ಅಂದರು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳ್ಳುವವರು ಡಾಕ್ಟರಿಗೆ ಹೇಳದೆ ಹೀಗೆ ಊಟ ಇಳಿಸಿದರೆ ಶುಗರ್ ತೀರಾ ಕೆಳಗೆ ಹೋಗಿ ಪ್ರಜ್ಞೆ ತಪ್ಪಬಹುದು. ಆ ಗ್ರೂಪ್‌ನಲ್ಲಿ ಅಂಥವರೂ ಇದ್ದರು.

ಮೂರು ತಿಂಗಳಲ್ಲಿ 11 ಕೆಜಿ ಇಳಿಯಿತು. ಆ ಹೊತ್ತಿಗೆ ಬಾಚಣಿಗೆ ತುಂಬ ಕೂದಲು. ಊಟ ಕಡಿಮೆಯಾದ ಪೆಟ್ಟು ಕೂದಲಲ್ಲಿ ಕಾಣಲು ಎರಡು ಮೂರು ತಿಂಗಳು ಬೇಕು, ಹಾಗಾಗಿ ತುಂಬಾ ಜನ ಇವೆರಡನ್ನೂ ಜೋಡಿಸಿ ನೋಡುವುದೇ ಇಲ್ಲ. ಶಾಂಪೂ ಬದಲಾಯಿಸುತ್ತಾರೆ. ಕೈಕಾಲು ಸದಾ ತಣ್ಣಗೆ. ತಲೆಯಲ್ಲಿ ದಿನವಿಡೀ ಊಟದ್ದೇ ಯೋಚನೆ. ಇದು ಮನಸ್ಸು ಗಟ್ಟಿ ಇಲ್ಲದ್ದಕ್ಕೆ ಆಗುವುದಲ್ಲ. 1944ರ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಆರೋಗ್ಯವಂತ ಯುವಕರ ಮೇಲೆ ಹಸಿವಿನ ಪ್ರಯೋಗ ಶುರು ಮಾಡಿದರು. ಆರು ತಿಂಗಳ ಅರೆಹೊಟ್ಟೆಯಲ್ಲಿ ಅವರಿಗೆ ಸಿಕ್ಕಿದ್ದು ದಿನಕ್ಕೆ ಸುಮಾರು 1,570 ಕ್ಯಾಲೊರಿ. ಅಷ್ಟಕ್ಕೇ ಅವರಿಗೆ ಚಳಿ, ಖಿನ್ನತೆ, ಸಿಡಿಮಿಡಿ. ಅಡುಗೆ ಪುಸ್ತಕ ಕೂಡಿಹಾಕಿಕೊಂಡು ಓದುತ್ತಿದ್ದರು. ಮೈಯಿಂದ ಗಟ್ಟಿಮುಟ್ಟಾದ ಗಂಡಸರಿಗೇ ಹೀಗಾದರೆ, ಅದರ ಅರ್ಧದಲ್ಲಿ ಮನೆಗೆಲಸ, ಆಫೀಸು ಎರಡೂ ಮಾಡುವ ಹೆಂಗಸರಿಗೆ 'ಕಂಟ್ರೋಲ್ ಇಲ್ಲ' ಅಂತ ಬೈಯುವುದು ಅನ್ಯಾಯ.

ನೋವು ಬಂದದ್ದು ಆಮೇಲೆ. ಒಂದು ಮದುವೆ ಊಟ ಮಾಡಿ ಬಂದ ರಾತ್ರಿ, ಬಲ ಪಕ್ಕೆಲುಬಿನ ಕೆಳಗೆ ಹಿಂಡಿದಂಥ ನೋವು, ಬೆನ್ನಿಗೂ ಹಬ್ಬಿತು. ಸ್ಕ್ಯಾನ್‌ನಲ್ಲಿ ಪಿತ್ತಕಲ್ಲು ಕಂಡಿತು. ತೂಕ ಜಾಸ್ತಿ ಇರುವ ಹೆಂಗಸರಿಗೆ ಈ ಅಪಾಯ ಮೊದಲೇ ಇರುತ್ತದೆ, ವೇಗವಾಗಿ ಇಳಿಸಿದರೆ ಇನ್ನೂ ಹೆಚ್ಚುತ್ತದೆ ಅಂತ ಸರ್ಜನ್ ಹೇಳಿದರು. ಕೊಬ್ಬು ಭರದಿಂದ ಕರಗುವಾಗ ಲಿವರ್ ಪಿತ್ತರಸಕ್ಕೆ ಜಾಸ್ತಿ ಕೊಲೆಸ್ಟ್ರಾಲ್ ಬಿಡುತ್ತದೆ. ಊಟದಲ್ಲಿ ಎಣ್ಣೆ, ತುಪ್ಪ ಏನೂ ಇಲ್ಲದಿದ್ದರೆ ಪಿತ್ತಕೋಶ ಸರಿಯಾಗಿ ಹಿಂಡಿ ಖಾಲಿಯಾಗುವುದಿಲ್ಲ. ಒಳಗೇ ನಿಂತ ರಸದಲ್ಲಿ ಹರಳು ಕಟ್ಟುತ್ತದೆ. 'ಎಣ್ಣೆ ಸೊನ್ನೆ' ಅಂತ ಹೆಮ್ಮೆಯಿಂದ ಬರೆದ ಆ ಚಾರ್ಟು ಎರಡೂ ಕಡೆಯಿಂದ ಕೆಡಿಸಿತ್ತು.

ಆಸ್ಪತ್ರೆಯ ಡಯಟಿಷಿಯನ್ ಮಾಡಿದ ಲೆಕ್ಕ ಹೇಗಿತ್ತು ಗೊತ್ತಾ? ಮೊದಲು ಬರೀ ಪ್ರಶ್ನೆ. ಕೆಲಸ, ನಿದ್ದೆ, ಮಾತ್ರೆ, ಮುಟ್ಟು, ಯಾರು ಅಡುಗೆ ಮಾಡೋದು. ತಿಂಗಳಿಗೆ ಎಷ್ಟು ಎಣ್ಣೆ ತರ್ತೀರಿ ಅಂತ ಕೇಳಿದರು. ನಾಲ್ಕು ಜನಕ್ಕೆ 4 ಲೀಟರ್ ಅಂದೆ. ಒಬ್ಬರಿಗೆ ದಿನಕ್ಕೆ 33 ಎಂಎಲ್, ಅದೇ 275 ಕ್ಯಾಲೊರಿ ಆಯ್ತಲ್ಲ ಅಂತ ಅಲ್ಲೇ ಬರೆದು ತೋರಿಸಿದರು. ಅದನ್ನು ಅರ್ಧ ಮಾಡಿ, ಸೊನ್ನೆ ಮಾಡಬೇಡಿ ಅಂದರು. ಮುದ್ದೆ, ಅನ್ನವನ್ನು ಕ್ಯಾಲೊರಿ ಲೆಕ್ಕ ಹಾಕುವ ಮೊಬೈಲ್ ಆ್ಯಪ್‌ನಲ್ಲಿ 'ಒಂದು', 'ಒಂದು ಬಟ್ಟಲು' ಅಂತ ಒತ್ತಬೇಡಿ, ಹಿಟ್ಟು, ಅಕ್ಕಿಯನ್ನು ಹಸಿಯಾಗಿರುವಾಗಲೇ ತೂಗಿ ಅಂದರು. ನಮ್ಮನೆ ಮುದ್ದೆಗೂ ಪಕ್ಕದ ಮನೆ ಮುದ್ದೆಗೂ 40 ಗ್ರಾಂ ಹಿಟ್ಟು ವ್ಯತ್ಯಾಸ ಇದ್ದರೆ ಅಲ್ಲೇ 130 ಕ್ಯಾಲೊರಿ ಹೋಯಿತು. ಬೇಳೆ, ಮೊಸರು, ಮೊಟ್ಟೆ ಪ್ರತಿ ಊಟದಲ್ಲೂ ಇರಲಿ ಅಂದರು, ಸ್ನಾಯು ಉಳಿಯಲಿ ಅಂತ.

ಅವರು ನನಗೆ ಕೊಟ್ಟದ್ದು 1,350. ಜೊತೆಗೆ ದಿನಾ ನಡಿಗೆ. ಬಿಎಂಆರ್‌ಗಿಂತ ಸ್ವಲ್ಪ ಕೆಳಗೆ ಹೋದ ಕೂಡಲೇ ಅನಾಹುತ ಅಂತ ಕೆಲವರು ಹೆದರಿಸುತ್ತಾರೆ, ಹಾಗೇನಿಲ್ಲ. ಅರ್ಧಕ್ಕೆ ಇಳಿಸುವುದು ಬೇರೆ ಮಾತು. ದಿನಕ್ಕೆ 300ರಿಂದ 500 ಕೊರತೆ ಸಾಕು, ವಾರಕ್ಕೆ ಕಾಲು ಕೆಜಿಯಿಂದ ಅರ್ಧ ಕೆಜಿ ಇಳಿದರೆ ಅದೇ ಒಳ್ಳೆಯ ವೇಗ ಅಂದರು. ಮೂರು ನಾಲ್ಕು ವಾರದ ಸರಾಸರಿ ತೂಕ ನೋಡಿ ಅಂಕಿಯನ್ನು ತಿದ್ದಬೇಕು. 10 ಕೆಜಿ ಇಳಿದ ಮೇಲೆ ಬಿಎಂಆರ್ 100 ಕಡಿಮೆಯಾಗಿರುತ್ತದೆ, ಆಗ ಮತ್ತೆ ಲೆಕ್ಕ. ತೂಕ ನಿಂತರೆ ನೀವು ಕದ್ದು ತಿಂದಿದ್ದೀರಿ ಅಂತಲ್ಲ.

ಆ್ಯಪ್ ಬಳಸುವಾಗ ಆಗುವ ಇನ್ನೊಂದು ತಪ್ಪಿನ ಬಗ್ಗೆಯೂ ಅವರೇ ಎಚ್ಚರಿಸಿದರು. ಸಂಜೆ ಒಂದು ಗಂಟೆ ವಾಕಿಂಗ್ ಮಾಡಿದೆ ಅಂತ ಆ್ಯಪ್‌ನಲ್ಲಿ 'ಮಾಡರೇಟ್' (ಮಧ್ಯಮ ಚಟುವಟಿಕೆ) ಒತ್ತಿದರೆ ಅದು ಬಿಎಂಆರ್ ಅನ್ನು 1.2ರ ಬದಲು 1.55ರಿಂದ ಗುಣಿಸುತ್ತದೆ. ನನ್ನ 1,660 ಅಲ್ಲೇ 2,150 ಆಗುತ್ತದೆ. ಸುಮಾರು 500 ಕ್ಯಾಲೊರಿ ಕಾಗದದ ಮೇಲೆ ಬಂತು, ಇಡೀ ಕೊರತೆ ಹೋಯಿತು. ಕೈಗಡಿಯಾರ ತೋರಿಸುವ 'ಬರ್ನ್' ನಂಬಿ ಅಷ್ಟನ್ನೂ ಮತ್ತೆ ತಿಂದರೂ ಇದೇ ಕಥೆ.

ಈಗಾಗಲೇ ಇಂಥ ಚಾರ್ಟ್ ಹಿಡಿದಿರುವವರು ಬಿಪಿ ಅಥವಾ ಶುಗರ್ ಮಾತ್ರೆಯಲ್ಲಿದ್ದರೆ ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಏನು ತಿನ್ನುತ್ತಿದ್ದೀರಿ ಅಂತ ಪೂರ್ತಿ ಹೇಳಿ. ಮಾತ್ರೆಯನ್ನು ನೀವೇ ಬಿಡಬೇಡಿ. ಬಸುರಿಯರು, ಮೊಲೆಯೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ಇದರ ಹತ್ತಿರವೂ ಹೋಗಬಾರದು. ಉದುರಿದ ಕೂದಲು ಊಟ ಸರಿಯಾದ ಮೇಲೆ ಸಾಮಾನ್ಯವಾಗಿ ಮತ್ತೆ ಬರುತ್ತದೆ, ನನಗೂ ಬಂತು, ಆದರೆ ತಿಂಗಳುಗಳು ಹಿಡಿಯುತ್ತದೆ. ಬಲ ಪಕ್ಕೆಲುಬಿನ ಕೆಳಗೆ ಊಟದ ಮೇಲೆ ನೋವು ಬರುತ್ತಿದ್ದರೆ ಗ್ಯಾಸ್ ಅಂತ ಮಾತ್ರೆ ನುಂಗಿ ದಿನ ದೂಡಬೇಡಿ, ಒಂದು ಸ್ಕ್ಯಾನ್ ಮಾಡಿಸಿ. ಜೊತೆಗೆ ಜ್ವರ ಬಂದರೆ, ಕಣ್ಣು ಹಳದಿಯಾದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.