ರೋಟವೇಟರ್‌ಗೆ ಸ್ಲಿಪ್ ಕ್ಲಚ್ ಶಾಫ್ಟ್: ಯಾರಿಗೆ ಒಳ್ಳೆಯದು, ಯಾರಿಗೆ ಶಿಯರ್ ಬೋಲ್ಟೇ ಸಾಕು

ಕಲ್ಲು, ಬೇರು, ಕಬ್ಬಿನ ಕೂಳೆ ಇರುವ ಹೊಲದಲ್ಲಿ ರೋಟವೇಟರ್ ಹೊಡೆಯುವವರು ಶಿಯರ್ ಬೋಲ್ಟ್ ಬದಲಾಯಿಸಿ ಬೇಸತ್ತಾಗ ಸ್ಲಿಪ್ ಕ್ಲಚ್ ಇರುವ ಪಿಟಿಒ ಶಾಫ್ಟ್ ವಿಚಾರಿಸುತ್ತಾರೆ. ಪಿಟಿಒ ಎಂದರೆ ಎಂಜಿನ್ ಶಕ್ತಿಯನ್ನು ಹೊರಗೆ ಕೊಡುವ ಟ್ರ್ಯಾಕ್ಟರ್‌ನ ತಿರುಗುವ ದಂಡ; ಅದನ್ನು ರೋಟವೇಟರ್‌ಗೆ ಜೋಡಿಸುವುದೇ ಈ ಶಾಫ್ಟ್. ಹೊರೆ ಮಿತಿಮೀರಿದಾಗ ಶಿಯರ್ ಬೋಲ್ಟ್ ತಾನೇ ತುಂಡಾಗಿ ಗೇರ್ ಉಳಿಸುತ್ತದೆ, ಸ್ಲಿಪ್ ಕ್ಲಚ್ ಜಾರಿ ಉಳಿಸುತ್ತದೆ. ಮಾಲು ಒಳ್ಳೆಯದೇ. ಆದರೆ ಸಿಕ್ಕಿಸಿ ಮರೆತುಬಿಡುವಂಥದ್ದಲ್ಲ. ಮಳೆಯಲ್ಲಿ ನಿಂತು ತುಕ್ಕು ಹಿಡಿದ ಕ್ಲಚ್ ಜಾರುವುದೇ ಇಲ್ಲ. ಆಗ ಪೆಟ್ಟು ನೇರವಾಗಿ ಗೇರ್ ಬಾಕ್ಸ್‌ಗೆ ಬೀಳುತ್ತದೆ. ಅಂಥ ಕ್ಲಚ್‌ಗಿಂತ ಸಾದಾ ಬೋಲ್ಟ್ ಎಷ್ಟೋ ಮೇಲು.

ಮೊದಲು ಬೋಲ್ಟ್ ಲೆಕ್ಕ. ಪಿಟಿಒದಲ್ಲಿ 40 ಎಚ್‌ಪಿ ಕೊಡುವ ಟ್ರ್ಯಾಕ್ಟರ್ 540 ಆರ್‌ಪಿಎಂನಲ್ಲಿ ಸುಮಾರು 530 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಶಾಫ್ಟ್ ನಡುವಿನಿಂದ 45 ಮಿ.ಮೀ. ದೂರದಲ್ಲಿ ಒಂದೇ ಕಡೆ ಕತ್ತರಿಸುವಂತೆ ಕೂತ 8 ಮಿ.ಮೀ.ನ 8.8 ಗ್ರೇಡ್ (ಗಟ್ಟಿತನದ ದರ್ಜೆ) ಬೋಲ್ಟ್ ಸುಮಾರು 1,080 ನ್ಯೂಟನ್ ಮೀಟರ್‌ಗೆ ತುಂಡಾಗುತ್ತದೆ, ಅಂದರೆ ಓಟದ ಟಾರ್ಕ್‌ನ ಎರಡು ಪಟ್ಟು. ಪದೇ ಪದೇ ತುಂಡಾಗುತ್ತದೆ ಎಂದು ಅದೇ ಜಾಗಕ್ಕೆ 12.9 ಗ್ರೇಡ್ ಹಾಕಿದರೆ ಲೆಕ್ಕ 1,600 ದಾಟುತ್ತದೆ. ಆಗ ಬೋಲ್ಟ್ ಉಳಿಯುತ್ತದೆ, ಕ್ರಾಸ್ (ಶಾಫ್ಟಿನ ಕೀಲಿನಲ್ಲಿರುವ ಅಡ್ಡ ತುಂಡು) ಅಥವಾ ಗೇರ್ ಹಲ್ಲು ಹೋಗುತ್ತದೆ. ಪೂರ್ತಿ ಮರೆ (ಥ್ರೆಡ್) ಇರುವ ಬೋಲ್ಟ್ ಹಾಕುವುದೂ ತಪ್ಪೇ. ಕತ್ತರಿಸುವ ಜಾಗಕ್ಕೆ ಮರೆ ಬಂದರೆ ಅದು 800ರ ಆಸುಪಾಸಿನಲ್ಲೇ ತುಂಡಾಗುತ್ತದೆ.

ತುಂಡಾದ ಬೋಲ್ಟನ್ನು ಎಸೆಯುವ ಮುನ್ನ ಅದರ ಮುಖ ನೋಡಿ. ಚಪ್ಪಟೆಯಾಗಿ, ಒಂದೇ ದಿಕ್ಕಿಗೆ ಉಜ್ಜಿದಂತೆ ಹೊಳೆಯುತ್ತಿದ್ದರೆ ಕಲ್ಲಿಗೋ ಬೇರಿಗೋ ಸಿಕ್ಕಿ ಒಂದೇ ಪೆಟ್ಟಿಗೆ ಹೋಗಿದೆ. ಅರ್ಧ ಭಾಗ ಕಪ್ಪಾಗಿ, ಅಲೆಯಂಥ ಗೆರೆಗಳಿದ್ದು, ಉಳಿದರ್ಧ ಮಾತ್ರ ಹೊಸದಾಗಿ ಮುರಿದಂತಿದ್ದರೆ ಅದು ದಿನದಿನಕ್ಕೆ ಬಿರಿದು ಹೋದದ್ದು: ನಟ್ ಸಡಿಲವಿತ್ತು, ಇಲ್ಲವೇ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದೆ. ತೂತು ಹಿಗ್ಗಿದ್ದರೆ ಎಷ್ಟು ಬೋಲ್ಟ್ ಹಾಕಿದರೂ ಪ್ರಯೋಜನವಿಲ್ಲ, ಬೋಲ್ಟ್ ಕೂರುವ ಯೋಕ್ (ಶಾಫ್ಟ್ ತುದಿಯ ಕವಲು ತುಂಡು) ಬದಲಾಯಿಸಬೇಕು.

ಕ್ಲಚ್‌ನ ದೊಡ್ಡ ಲಾಭ, ಕೆಲಸ ನಿಲ್ಲುವುದಿಲ್ಲ. ಬ್ಲೇಡ್ ಕಲ್ಲಿಗೆ ತಾಗಿದಾಗ ಪ್ಲೇಟ್ ಒಂದು ಕ್ಷಣ ಜಾರಿ, ಮತ್ತೆ ಹಿಡಿದು ಮುಂದೆ ಸಾಗುತ್ತದೆ. ಬಾಡಿಗೆಗೆ ಹೊಡೆಯುವವರಿಗೆ ಇದರ ಬೆಲೆ ಗೊತ್ತು. ಆದರೆ ಹೀಗೆ ಜಾರುವುದು ಎರಡು ಮೂರು ಸೆಕೆಂಡ್ ದಾಟಬಾರದು. ಹೊಗೆ, ಸುಟ್ಟ ವಾಸನೆ ಬಂದರೆ ಪಿಟಿಒ ನಿಲ್ಲಿಸಿ ಕ್ಲಚ್ ಆರಲು ಬಿಡಿ. ಪ್ಲೇಟ್‌ಗಳಿಗೆ ಹಿಡಿತ ಕೊಡುವ ಲೈನಿಂಗ್ ಗಾಜಿನಂತೆ ನುಣುಪಾದರೆ ಮತ್ತೆ ಹಿಡಿತ ಬರುವುದು ಕಷ್ಟ.

ಹಂಗಾಮಿಗೆ ಮೊದಲು ಮಾಡಲೇಬೇಕಾದ ಕೆಲಸವೊಂದಿದೆ. ಎಂಜಿನ್ ಆರಿಸಿ, ಕೀಲಿ ತೆಗೆದು, ಕ್ಲಚ್ ಪ್ಲೇಟ್‌ಗಳನ್ನು ಒತ್ತಿ ಹಿಡಿಯುವ ಪ್ರತಿ ಸ್ಪ್ರಿಂಗ್‌ನ ಉದ್ದವನ್ನು ವರ್ನಿಯರ್‌ನಲ್ಲಿ ಅಳೆದು ಬರೆದಿಡಿ. ಎಲ್ಲ ನಟ್‌ಗಳನ್ನೂ ಸ್ಪ್ರಿಂಗ್ ಒತ್ತಡ ಇಳಿಯುವಷ್ಟು ಸಡಿಲಿಸಿ, ಪ್ಲೇಟ್‌ಗಳ ಅಂಚಿಗೆ ಅಡ್ಡವಾಗಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಶಾಫ್ಟ್ ಮುಚ್ಚುವ ಗಾರ್ಡ್ ಮತ್ತೆ ಹಾಕಿ, ರೋಟವೇಟರ್ ಬ್ಲೇಡ್ ನೆಲಕ್ಕೆ ಊರಿದಂತೆ ಇಳಿಸಿ, ಹತ್ತಿರ ಯಾರೂ ಇಲ್ಲದಂತೆ ನೋಡಿಕೊಂಡು, ಕಡಿಮೆ ಆರ್‌ಪಿಎಂನಲ್ಲಿ ಒಂದೆರಡು ಸೆಕೆಂಡ್ ಮಾತ್ರ ಪಿಟಿಒ ಹಾಕಿ ತೆಗೆಯಿರಿ. ಎಂಜಿನ್ ಆರಿಸಿ ನೋಡಿ. ಗೆರೆ ಮುರಿದು ಪಕ್ಕಕ್ಕೆ ಸರಿದಿದ್ದರೆ ಕ್ಲಚ್ ಬಿಟ್ಟುಕೊಂಡಿದೆ. ಗೆರೆ ನೇರವಾಗೇ ಇದ್ದರೆ ತುಕ್ಕಿಗೆ ಅಂಟಿದೆ: ಬಿಚ್ಚಿ, ಸ್ಟೀಲ್ ಪ್ಲೇಟನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ ಜೋಡಿಸಿ. ಆಮೇಲೆ ನಟ್‌ಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿದು ಪುಸ್ತಿಕೆಯಲ್ಲಿ ಹೇಳಿದ ಉದ್ದಕ್ಕೇ ತನ್ನಿ. ಪುಸ್ತಿಕೆ ಇಲ್ಲದಿದ್ದರೆ ಬರೆದಿಟ್ಟ ಅಳತೆಗೆ. ಎಲ್ಲ ಸ್ಪ್ರಿಂಗ್‌ಗಳ ಉದ್ದವೂ ಒಂದೇ ಇರಬೇಕು.

ಕ್ಲಚ್ ಹಾಳಾಗುವುದು ಹೆಚ್ಚಾಗಿ ಸ್ಪ್ಯಾನರ್‌ನಿಂದಲೇ. ಜಾರುತ್ತಿದೆ ಎಂದು ನಟ್ ಬಿಗಿಯುತ್ತಾ ಹೋದರೆ ಸ್ಪ್ರಿಂಗ್ ಸುತ್ತುಗಳು ಒಂದಕ್ಕೊಂದು ತಾಗಿ ಕೂರುತ್ತವೆ. ಅಲ್ಲಿಗೆ ಅದು ಕ್ಲಚ್ ಅಲ್ಲ, ಗಟ್ಟಿ ಕಪ್ಲಿಂಗ್. ಜಾರಲು ಕಾರಣ ಬೇರೆ ಇರುತ್ತದೆ. ಬ್ಲೇಡ್ ಮಣ್ಣಲ್ಲಿ ಹೂತಿರುವಾಗಲೇ ಪಿಟಿಒ ಹಾಕುವುದು, ಎಂಜಿನ್ ಜೋರಾಗಿರುವಾಗ ಹಾಕುವುದು, ಲೈನಿಂಗ್ ಸವೆದಿರುವುದು. ಕ್ರಾಸ್‌ಗೆ ಮಿತಿಮೀರಿ ಒತ್ತಿದ ಗ್ರೀಸ್ ಹಾರಿ ಪ್ಲೇಟ್‌ಗೆ ಬಿದ್ದರೂ ಜಾರುತ್ತದೆ. ಗ್ರೀಸ್ ಹೀರಿದ ಲೈನಿಂಗನ್ನು ತೊಳೆದು ಹಾಕುವ ಉಳಿತಾಯ ಬೇಡ, ಹೊಸದನ್ನೇ ಹಾಕಿ.

ಕ್ಲಚ್ ಕೂರಬೇಕಾದದ್ದು ರೋಟವೇಟರ್ ಕಡೆಗೆ, ಟ್ರ್ಯಾಕ್ಟರ್ ಕಡೆಗಲ್ಲ. ಕ್ಲಚ್ ಉದ್ದ ಸೇರುವುದರಿಂದ ಹಳೆ ಶಾಫ್ಟ್ ಅಳತೆ ಹೊಂದುವುದಿಲ್ಲ. ರೋಟವೇಟರ್ ಎತ್ತಿ ಇಳಿಸಿ, ಶಾಫ್ಟ್ ಅತಿ ಗಿಡ್ಡವಾಗುವ ಜಾಗದಲ್ಲೂ ಪೈಪುಗಳ ತುದಿಗೆ ಎರಡು ಮೂರು ಸೆಂ.ಮೀ. ಸಂದು ಉಳಿಯುವಂತೆ ಕತ್ತರಿಸಿ. ಸಂದು ಇಲ್ಲದಿದ್ದರೆ ಎತ್ತಿದಾಗ ಶಾಫ್ಟ್ ಟ್ರ್ಯಾಕ್ಟರ್‌ನ ಪಿಟಿಒ ಬೇರಿಂಗನ್ನೇ ಒತ್ತುತ್ತದೆ.

ನಮ್ಮ ಶಿಫಾರಸು: ಕೂಳೆ ಕಬ್ಬು, ಕಲ್ಲು ಹೊಲಗಳಲ್ಲಿ ದಿನವಿಡೀ ಹೊಡೆಯುವವರು, ಮಷಿನ್ ಶೆಡ್ಡಿನಲ್ಲಿ ನಿಲ್ಲಿಸುವವರು ಕ್ಲಚ್ ಶಾಫ್ಟೇ ಕೊಳ್ಳಲಿ. ಕಲ್ಲಿಲ್ಲದ ಎರೆಹೊಲದಲ್ಲಿ ವರ್ಷಕ್ಕೆ ಕೆಲವೇ ದಿನ ಓಡಿಸುವವರಿಗೆ ಬೋಲ್ಟ್ ಶಾಫ್ಟ್ ಸಾಕು. ಸರಿಯಾದ ಗ್ರೇಡಿನ ಬೋಲ್ಟ್ ಹತ್ತು, ಒಂದು ಪಂಚ್, ಒಂದು ಸುತ್ತಿಗೆ ಟೂಲ್ ಬಾಕ್ಸಿನಲ್ಲಿರಲಿ. ಕ್ಲಚ್ ಕೊಳ್ಳುವಾಗ ಅಂಗಡಿಯಲ್ಲೇ ಮೂರು ವಿಷಯ ಕೇಳಿ: ಸ್ಪ್ರಿಂಗ್ ಉದ್ದ ನಮೂದಿಸಿದ ಪುಸ್ತಿಕೆ, ಅದೇ ಅಳತೆಯ ಬಿಡಿ ಲೈನಿಂಗ್ ಪ್ಲೇಟ್, ಸರಪಳಿಯಿರುವ ಪ್ಲಾಸ್ಟಿಕ್ ಗಾರ್ಡ್. ಬಿಡಿ ಪ್ಲೇಟ್ ಸಿಗದ ಕ್ಲಚ್ ಎಷ್ಟೇ ಅಗ್ಗವಾದರೂ ಬೇಡ.