ಫಿಶ್ ಫೈಂಡರ್ ಹಾಕಿಸುವ ದೋಣಿ ಮಾಲಕರೇ, ತಳದಲ್ಲಿ ಏನು ಕೂರಿಸಿದ್ದಾರೆಂದು ನೋಡಿಯೇ ಹಣ ಕೊಡಿ

ಗಂಗೊಳ್ಳಿಯಲ್ಲಿ ನಮ್ಮದೊಂದು ಮರದ ಟ್ರಾಲ್ ದೋಣಿ ಇದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಅದನ್ನು ದಡಕ್ಕೆಳೆದು ದುರಸ್ತಿ ಮಾಡಿಸುವಾಗ ನೀರಿನ ಆಳವನ್ನೂ ಮೀನನ್ನೂ ಪರದೆಯ ಮೇಲೆ ತೋರಿಸುವ ಹೊಸ ಫಿಶ್ ಫೈಂಡರ್ ಕೂಡ ಹಾಕಿಸಿದೆವು. ಸೆಟ್ ಮಾರಿದ ಅಂಗಡಿಯವರೇ ಕೂರಿಸಿಕೊಡುವುದು ನಮ್ಮ ಕಡೆಯ ವಾಡಿಕೆ. ನಮಗೂ ಅವರೇ ಕೂರಿಸಿಕೊಟ್ಟರು. ಪರದೆ ಹೊಸದು, ಪೆಟ್ಟಿಗೆ ಹೊಸದು, ಪುಸ್ತಕ ಹೊಸದು. ದೋಣಿಯ ತಳದಲ್ಲಿ ಮಾತ್ರ, ಶಬ್ದ ಕಳಿಸಿ ಅದರ ಪ್ರತಿಧ್ವನಿ ಹಿಡಿಯುವ ಭಾಗವಾಗಿ, ಇನ್ಯಾರದೋ ದೋಣಿಯಿಂದ ಕಿತ್ತು ತಂದ ಹಳೆಯ ಟ್ರಾನ್ಸ್‌ಡ್ಯೂಸರ್ ಇತ್ತು, ಮತ್ತು ಅದು ಹಳೆಯದೆಂದು ಗೊತ್ತಾಗದ ಹಾಗೆ ಮೈತುಂಬ ಬಣ್ಣ ಬಳಿದಿದ್ದರು. ಅಂಗಡಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆದರೆ ಮುಂದಿನ ನಿಷೇಧದ ಅವಧಿಯಲ್ಲಿ ಇದೇ ಕೆಲಸ ಮಾಡಿಸಲಿರುವವರು ಇದನ್ನು ಪೂರ್ತಿ ಓದಬೇಕು.

ಅಂಗಡಿಯಲ್ಲಿ ನನ್ನ ಕೈಗೆ ಕೊಟ್ಟದ್ದು ಕಂಚಿನ ಟ್ರಾನ್ಸ್‌ಡ್ಯೂಸರ್. ಅದರ ಭಾರ ಈಗಲೂ ನನ್ನ ಅಂಗೈಗೆ ನೆನಪಿದೆ. ಜುಲೈ ಕೊನೆಯ ವಾರ ಬಲೆ, ಇಂಜಿನ್, ಡೀಸೆಲ್, ಐಸ್ ಎಂದು ಎಲ್ಲರೂ ಓಡಾಡುತ್ತಿರುವ ಹೊತ್ತಿನಲ್ಲಿ ಅವರ ಟೆಕ್ನಿಷಿಯನ್ ಬಂದ, ಮತ್ತು ನಾವು ಮಧ್ಯಾಹ್ನದ ಊಟ ಮುಗಿಸಿ ಹಿಂದಿರುಗುವಷ್ಟರಲ್ಲಿ ತೂತು ಕೊರೆದು, ಕೂರಿಸಿ, ಬಣ್ಣವನ್ನೂ ಬಳಿದು ಕೈ ಒರೆಸಿಕೊಳ್ಳುತ್ತಿದ್ದ. ಬಣ್ಣ ಏಕೆಂದು ಕೇಳಿದೆ. "ಚಿಪ್ಪು ಹಿಡಿಯಬಾರದಲ್ಲ ಮಾರಾಯ್ರೇ, ನಾವು ಎಲ್ಲರಿಗೂ ಹೀಗೆಯೇ ಮಾಡುವುದು" ಎಂದ. ಉತ್ತರ ಎಷ್ಟು ಸಲೀಸಾಗಿ ಬಂತೆಂದರೆ ಅಲ್ಲಿ ನಿಂತಿದ್ದ ಯಾರಿಗೂ ಅನುಮಾನ ಬರಲಿಲ್ಲ.

ಚಿಪ್ಪು ಹಿಡಿಯದಂತೆ ಬಣ್ಣ ಬಳಿಯುವ ಕ್ರಮವೇನೋ ಇದೆ. ಆದರೆ ಅದು ನೀರಿನಲ್ಲಿ ಕರಗಿಸಿದ ತೆಳು ಬಣ್ಣದ ಒಂದು ಪದರವಾಗಿರಬೇಕೇ ಹೊರತು ದೋಣಿಯ ಹಲಗೆಗೆ ಬಳಿಯುವ ಥಿನ್ನರ್ ಬೆರೆತ ದಪ್ಪ ಬಣ್ಣವಲ್ಲ. ಥಿನ್ನರ್‌ನಲ್ಲಿರುವ ಕೆಲವು ದ್ರಾವಕಗಳು ಪ್ಲಾಸ್ಟಿಕ್ಕಿನ ಮುಖವನ್ನೇ ಹಾಳು ಮಾಡುತ್ತವೆ. ಶಬ್ದವನ್ನು ಕೆಳಗೆ ಕಳಿಸುವುದೂ, ತಳಕ್ಕೆ ಬಡಿದು ಬಂದದ್ದನ್ನು ಕೇಳಿಸಿಕೊಳ್ಳುವುದೂ ಆ ಮುಖವೇ. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುವುದರಿಂದ 30 ಮೀಟರ್ ಆಳದ ಪ್ರತಿಧ್ವನಿ ಒಂದು ಸೆಕೆಂಡಿನ 25ನೇ ಒಂದು ಭಾಗದಲ್ಲಿ ಹಿಂದಿರುಗುತ್ತದೆ. ದಪ್ಪ ಬಣ್ಣವೂ ಅದರೊಳಗೆ ಸಿಕ್ಕಿಬಿದ್ದ ಗಾಳಿಯೂ ಆ ಕ್ಷೀಣ ಸದ್ದನ್ನು ಅಲ್ಲಿಯೇ ನುಂಗಿಬಿಡುತ್ತವೆ.

ಕಡಲಿಗಿಳಿದ ಮೇಲೆ ಆದದ್ದು ಅದೇ. ಇಂಜಿನ್ ನಿಲ್ಲಿಸಿದರೆ ತಳ ಕಾಣುತ್ತಿತ್ತು, ಇಂಜಿನ್ ಹಾಕಿದ ಕೂಡಲೇ ಪರದೆಯ ತುಂಬ ಅಡ್ಡಾದಿಡ್ಡಿ ಗೆರೆ. ಹದಿನೈದು ಮಾರು ದಾಟಿದರೆ ತಳವೇ ಮಾಯ. ಅಳಿವೆಯಲ್ಲಿ ಮಳೆಗಾಲ ಕಳೆದ ಮೇಲೆ ಮರಳ ದಿಬ್ಬ ಎಲ್ಲಿ ಕೂತಿದೆ ಎಂದು ಹೇಳಲಾಗುವುದಿಲ್ಲ. ಅಲ್ಲಿ ಆಳ ಗೊತ್ತಾಗದಿದ್ದರೆ ಏನಾಗುತ್ತದೆ ಎಂಬುದನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಅಂಥ ಕಡೆ ದೋಣಿ ನಡೆಸುವ ನಮ್ಮ ತಂಡೇಲರು ಹೊಸ ಯಂತ್ರವನ್ನು ಬಿಟ್ಟು, ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಆಳ ನೋಡಿದರು.

ಅಂಗಡಿಗೆ ಫೋನ್ ಮಾಡಿದಾಗಲೆಲ್ಲ ಉತ್ತರ ಸಿದ್ಧವಾಗಿರುತ್ತಿತ್ತು. "ಗೇನ್ (ಪ್ರತಿಧ್ವನಿ ಹಿಡಿಯುವ ಸೂಕ್ಷ್ಮತೆ) ಹೆಚ್ಚಿಸಿ ನೋಡಿ." "ಮಳೆಗಾಲದ ನೀರು ಕಲಕಿರುತ್ತದೆ, ಸ್ವಲ್ಪ ದಿನ ತಡೆಯಿರಿ." ಕೊನೆಗೆ, "ನಿಮ್ಮ ತಂಡೇಲರಿಗೆ ಹಳೆಯ ಯಂತ್ರದ ಅಭ್ಯಾಸ, ಹೊಸದು ಅರ್ಥವಾಗುವುದಿಲ್ಲ ಮಾರಾಯ್ರೇ." ಕಡಲಿನ ಮೇಲೆಯೇ ಕೂದಲು ನೆರೆತ ಮನುಷ್ಯನ ಬಗ್ಗೆ, ಫ್ಯಾನಿನ ಕೆಳಗೆ ಕೂತವರು ಹೇಳಿದ ಮಾತು ಇದು! ಫೋನ್ ಸ್ಪೀಕರಿನಲ್ಲಿತ್ತು; ತಂಡೇಲರು ಪಕ್ಕದಲ್ಲೇ ಇದ್ದರು. ಆಗ ನನಗಾದ ಮುಜುಗರ ಹೇಳತೀರದು.

ಈ ನಡುವೆ ದೋಣಿಯೊಳಗಿನ ನೀರನ್ನು ಹೊರಹಾಕುವ ಬಿಲ್ಜ್ ಪಂಪ್ ಮೊದಲಿಗಿಂತ ಹೆಚ್ಚು ಹೊತ್ತು ಓಡತೊಡಗಿತು. ತಳದಲ್ಲಿ ನೀರು ಜಿನುಗುತ್ತಿದೆ ಎಂದು ತಿಳಿದು, ಸೀಸನ್ನಿನ ನಡುವೆಯೇ ದೋಣಿಯನ್ನು ಮತ್ತೆ ಮೇಲಕ್ಕೆ ಎಳೆಸಬೇಕಾಯಿತು. ಮೇಸ್ತ್ರಿಗಳು ಚಾಕುವಿನ ತುದಿಯಿಂದ ಟ್ರಾನ್ಸ್‌ಡ್ಯೂಸರಿನ ಬಣ್ಣ ಕೆರೆದರು. ಕೆಂಪು ಹೋಯಿತು, ಅದರಡಿಯಲ್ಲಿ ನೀಲಿ ಬಂತು. ನಮ್ಮ ದೋಣಿಯ ತಳಕ್ಕೆ ನೀಲಿ ಬಣ್ಣ ಬಳಿದದ್ದೇ ಇಲ್ಲ. ನೀಲಿಯನ್ನೂ ಕೆರೆದರೆ ಕಂಚಲ್ಲ, ಬೂದು ಪ್ಲಾಸ್ಟಿಕ್. ಚಿಪ್ಪು ಕಿತ್ತ ಗುರುತುಗಳು, ಮರಳು ಕಾಗದದಿಂದ ಉಜ್ಜಿದ ಗೀರುಗಳು. ಒಳಗೆ ಕೇಬಲ್ ಹಿಡಿದುಕೊಂಡು ಹೋದರೆ, ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನ ತಂತಿಗಳ ಜೊತೆಗೇ ಕಟ್ಟಿದ ಕಡೆ ಕಪ್ಪು ಟೇಪಿನ ಗಂಟು. ಗಂಟಿನ ಆಚೆ ಹೊಳೆಯುವ ಹೊಸ ಕೇಬಲ್, ಈಚೆ ಬಿರುಸಾಗಿ ಬಣ್ಣಗೆಟ್ಟ ಹಳೆಯದು. ಹಳೆಯ ಟ್ರಾನ್ಸ್‌ಡ್ಯೂಸರಿನ ಪ್ಲಗ್ ಹೊಸ ಯಂತ್ರಕ್ಕೆ ಕೂರದ್ದರಿಂದ ಕತ್ತರಿಸಿ ಜೋಡಿಸಿದ್ದರು. ಇಂಜಿನ್ ಹಾಕಿದಾಗ ಪರದೆಯಲ್ಲಿ ಗೆರೆ ಮೂಡುತ್ತಿದ್ದದ್ದು ಆ ಇಂಜಿನ್ ತಂತಿಗಳ ದೆಸೆಯಿಂದ. ದಕ್ಕೆಯಲ್ಲಿದ್ದವರೆಲ್ಲ ಸುತ್ತ ನೆರೆದು ನೋಡುತ್ತಿದ್ದರು. "ಬಿಲ್ಲು ಹೊಸದಕ್ಕೆ, ಮಾಲು ಗುಜರಿಯದು" ಎಂದು ಒಬ್ಬರು ನಕ್ಕರು. ಹೌದು, ಗುಜರಿ ಮಾಲಿಗೆ ಹೊಸದರ ಹಣ ತೆಗೆದುಕೊಂಡಿದ್ದರು.

ಇದಕ್ಕಿಂತ ಭಯ ಹುಟ್ಟಿಸಿದ್ದು ನೀರಿನ ವಿಷಯ. ತಳ ಕೊರೆದು ಕೂರಿಸುವ ಪ್ಲಾಸ್ಟಿಕ್ ಟ್ರಾನ್ಸ್‌ಡ್ಯೂಸರನ್ನು ಮರದ ದೋಣಿಗೆ ಹಾಕಲೇಬಾರದು. ದಡದಲ್ಲಿ ಒಣಗಿದ ಮರ ನೀರಿಗಿಳಿದ ಮೇಲೆ ಉಬ್ಬುತ್ತದೆ, ಉಬ್ಬಿದ ಮರ ಪ್ಲಾಸ್ಟಿಕ್ಕಿನ ಕತ್ತನ್ನು ಹಿಸುಕುತ್ತದೆ, ಅದು ಬಿರುಕು ಬಿಡುತ್ತದೆ. ನಮ್ಮದು ಹಾಗೆಯೇ ಕೂದಲೆಳೆಯಷ್ಟು ಬಿರಿದಿತ್ತು. ತಳದ ಇಳಿಜಾರಿಗೆ ಸರಿಯಾಗಿ ಕೆತ್ತಿದ ಮರದ ದಿಮ್ಮಿಯನ್ನು ಕೊಟ್ಟು ಮುಖವನ್ನು ನೇರ ಕೆಳಗೆ ತಿರುಗಿಸುವ ಕೆಲಸವನ್ನೂ ಅವರು ಮಾಡಿರಲಿಲ್ಲ. ಶಬ್ದ ಓರೆಯಾಗಿ ಹೋಗುತ್ತಿತ್ತು.

ಕಿತ್ತದ್ದನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ಮಾಲಕರು ಅದನ್ನು ತಿರುಗಿಸಿ ನೋಡಿ, "ಇದು ನಾವು ಹಾಕಿದ್ದು ಎನ್ನುವುದಕ್ಕೆ ಏನು ಸಾಕ್ಷಿ?" ಎಂದು ಕೇಳಿದರು. ಬಿಲ್ಲು ತೋರಿಸಿದೆ. "ಬಿಲ್ಲಿನಲ್ಲಿ 'ಫಿಶ್ ಫೈಂಡರ್ ಸೆಟ್ 1' ಎಂದಷ್ಟೇ ಇದೆಯಲ್ಲ, ಕಂಚು ಎಂದು ಎಲ್ಲಿ ಬರೆದಿದೆ, ನೀವೇ ಓದಿ." ನನ್ನ ಹಣ, ನನ್ನ ಬಿಲ್ಲು, ಅದನ್ನು ನನ್ನಿಂದಲೇ ಓದಿಸಿದರು! ಟೆಕ್ನಿಷಿಯನ್ ಎಲ್ಲಿ ಎಂದರೆ, "ಅವನು ನಮ್ಮವನಲ್ಲ, ಹೊರಗಿನಿಂದ ಕರೆಸುವುದು." ಚಹಾ ಮಾತ್ರ ತರಿಸಿದರು, ನಾನು ಕುಡಿಯಲಿಲ್ಲ.

ಆದ್ದರಿಂದ ಬಿಲ್ಲಿನಲ್ಲಿ ಟ್ರಾನ್ಸ್‌ಡ್ಯೂಸರಿನ ಮಾದರಿ, ಲೋಹ, ಕೇಬಲ್ಲಿನ ಚೀಟಿಯಲ್ಲಿರುವ ನಂಬರ್ ಮೂರನ್ನೂ ಬರೆಸಿ, ಬರೆಯದಿದ್ದರೆ ಎದ್ದು ಬನ್ನಿ. ತಳ ಕೊರೆಯುವಾಗ ನಿಮ್ಮವರೊಬ್ಬರು ಅಲ್ಲೇ ಇರಲಿ, ಬಣ್ಣ ತಾಗುವ ಮೊದಲು ಫೋಟೊ ತೆಗೆಯಲಿ. ಕೇಬಲ್ಲಿನಲ್ಲಿ ಗಂಟು ಕಂಡರೆ ಯಾವ ಸಮಜಾಯಿಷಿಯನ್ನೂ ಕೇಳಬೇಡಿ. ದೋಣಿ ನೀರಿಗಿಳಿದ ದಿನವೇ ಒಳಗಿಳಿದು ಆ ಜಾಗವನ್ನು ಕೈಯಿಂದ ಮುಟ್ಟಿ ನೋಡಿ.

ನಾವು ಬೇರೆಯವರಿಂದ ಕಂಚಿನದನ್ನೇ ಹಾಕಿಸಿ, ಕೇಬಲನ್ನು ಇಂಜಿನ್ ತಂತಿಗಳಿಂದ ದೂರ ಎಳೆಸಿದ್ದೇವೆ. ಈಗ ಇಂಜಿನ್ ಓಡುತ್ತಿದ್ದರೂ ತಳ ಸ್ಪಷ್ಟವಾಗಿ ಕಾಣುತ್ತಿದೆ. ಹಳೆಯ ಅಂಗಡಿಯವರು ಒಂದು ರೂಪಾಯಿಯನ್ನೂ ಹಿಂದಿರುಗಿಸಿಲ್ಲ. ಕಿತ್ತ ಟ್ರಾನ್ಸ್‌ಡ್ಯೂಸರ್ ಮತ್ತು ಗಂಟು ಹಾಕಿದ ಕೇಬಲ್ ನನ್ನ ಬಳಿಯೇ ಇವೆ, ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಸುತ್ತಿದ್ದೇನೆ. ಇದೇ ಬಗೆಯ ನೀಲಿ ಬಣ್ಣದ ಹಳೆಯ ಮಾಲು ನಿಮ್ಮ ದೋಣಿಯ ತಳದಲ್ಲೂ ಸಿಕ್ಕಿದ್ದರೆ ದಯವಿಟ್ಟು ಬಿಸಾಡಬೇಡಿ, ಬಿಲ್ಲಿನ ಜೊತೆ ಇಟ್ಟುಕೊಂಡು ನನಗೆ ತಿಳಿಸಿ.