ಬಿಗ್ ಎಂಡ್ ಬೇರಿಂಗ್‌ನ ಆಯಿಲ್ ಫಿಲ್ಮ್: ಮೊಬಿಲಿಟಿ, ಫೈನೈಟ್ ಡಿಫರೆನ್ಸ್, ಎಲ್ರಾಡ್ – ಯಾವ ಕೆಲಸಕ್ಕೆ ಯಾವುದು?

ಎಂಜಿನ್ ಬೇರಿಂಗ್‌ನೊಳಗಿನ ಆಯಿಲ್ ಫಿಲ್ಮನ್ನು ಲೆಕ್ಕ ಹಾಕುವ ಮೂರು ವಿಧಾನಗಳನ್ನು ಪೈಥಾನ್‌ನಲ್ಲಿ ಬರೆದು, ಒಂದೇ ಬೇರಿಂಗ್ ಮೇಲೆ ಓಡಿಸಿ ನೋಡಿದ್ದೇನೆ. ಬೇರಿಂಗ್ ಈ ಕ್ಷೇತ್ರದವರಿಗೆಲ್ಲ ಗೊತ್ತಿರುವ ಹಳೆಯ ಉದಾಹರಣೆ: ಇಂಗ್ಲೆಂಡಿನ ರಸ್ಟನ್ ಅಂಡ್ ಹಾರ್ನ್ಸ್‌ಬಿ ಡೀಸೆಲ್ ಎಂಜಿನ್ನಿನ ಕನೆಕ್ಟಿಂಗ್ ರಾಡ್‌ನ ಬಿಗ್ ಎಂಡ್, ಅಂದರೆ ಕ್ರ್ಯಾಂಕ್‌ಶಾಫ್ಟನ್ನು ಹಿಡಿಯುವ ದೊಡ್ಡ ತುದಿ. ವ್ಯಾಸ ಸುಮಾರು 203 ಮಿ.ಮೀ., ರೇಡಿಯಲ್ ಕ್ಲಿಯರೆನ್ಸ್ (ಶಾಫ್ಟ್‌ಗೂ ಬೇರಿಂಗ್‌ಗೂ ನಡುವಿನ ಸಂದು) ಸುಮಾರು 82.5 ಮೈಕ್ರಾನ್, ವೇಗ 600 ಆರ್‌ಪಿಎಂ. ನಡುವೆ ಸುತ್ತಲೂ ಆಯಿಲ್ ಗ್ರೂವ್ ಇರುವುದರಿಂದ ಬೇರಿಂಗ್ ಎರಡು ಪಟ್ಟಿಗಳಾಗುತ್ತದೆ. ಒಂದೊಂದರ ಅಗಲ ಸುಮಾರು 57 ಮಿ.ಮೀ.

ಮೂರಕ್ಕೂ ಮೂಲ 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಕೊಟ್ಟ, ತೆಳು ಆಯಿಲ್ ಪದರದೊಳಗಿನ ಒತ್ತಡವನ್ನು ಹೇಳುವ ಸಮೀಕರಣವೇ. ಅದರಲ್ಲಿ ಯಾವ ಪದವನ್ನು ಬಿಡುತ್ತೇವೆ, ಫಿಲ್ಮ್ ಒಡೆದ (ಒತ್ತಡ ಕುಸಿದು ಆಯಿಲ್ ಪೂರ್ತಿ ತುಂಬಿರದ) ಜಾಗವನ್ನು ಹೇಗೆ ನಿಭಾಯಿಸುತ್ತೇವೆ ಎನ್ನುವಲ್ಲಿ ದಾರಿ ಕವಲೊಡೆಯುತ್ತದೆ.

ಬುಕರ್ 1965ರಲ್ಲಿ ಕೊಟ್ಟ ಮೊಬಿಲಿಟಿ ವಿಧಾನ ನನಗೆ ತುಂಬಾ ಇಷ್ಟ. ಶಾರ್ಟ್ ಬೇರಿಂಗ್ ಎಂದು ಹಿಡಿದರೆ, ಅಂದರೆ ಸುತ್ತಳತೆಯ ದಿಕ್ಕಿನಲ್ಲಿ ಒತ್ತಡದಿಂದಾಗುವ ಹರಿವನ್ನು ಬಿಟ್ಟರೆ, ಒತ್ತಡಕ್ಕೆ ನೇರ ಸೂತ್ರವೇ ಸಿಗುತ್ತದೆ. ಆಮೇಲೆ ಪ್ರತಿ ಕ್ರ್ಯಾಂಕ್ ಕೋನದಲ್ಲೂ ರೆನಾಲ್ಡ್ಸ್ ಸಮೀಕರಣ ಬಿಡಿಸುವ ಗೋಜೇ ಇಲ್ಲ. ಲೋಡ್ ಕೊಟ್ಟರೆ ಜರ್ನಲ್‌ನ (ಬೇರಿಂಗ್‌ನೊಳಗೆ ತಿರುಗುವ ಶಾಫ್ಟ್ ಭಾಗದ) ಕೇಂದ್ರ ಯಾವ ಕಡೆಗೆ, ಎಷ್ಟು ವೇಗವಾಗಿ ಸರಿಯುತ್ತದೆ ಎಂದು ಹೇಳಿಬಿಡುತ್ತದೆ. 720 ಡಿಗ್ರಿಯ ಇಡೀ ಸೈಕಲ್ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಲೋಡ್‌ನ ದಿಕ್ಕು ಶಾಫ್ಟ್‌ನ ಅರ್ಧ ವೇಗದಲ್ಲಿ ತಿರುಗುವ ಹೊತ್ತಿಗೆ ಆಯಿಲ್‌ನ ವೆಡ್ಜ್ ಪರಿಣಾಮ (ತಿರುಗುವ ಶಾಫ್ಟ್ ಆಯಿಲನ್ನು ಕಿರಿದಾಗುವ ಸಂದಿಗೆ ಎಳೆದು ಹುಟ್ಟಿಸುವ ಒತ್ತಡ) ಪೂರ್ತಿ ಸತ್ತುಹೋಗಿ, ಸ್ಕ್ವೀಜ್ (ಸಂದು ಮುಚ್ಚುತ್ತಾ ಬರುವಾಗ ಆಯಿಲ್ ಹಿಂಡಿ ಹುಟ್ಟುವ ಒತ್ತಡ) ಒಂದೇ ಲೋಡ್ ಹೊರಬೇಕಾಗುತ್ತದಲ್ಲ, ಆ ಗಂಡಾಂತರವನ್ನೂ ಇಷ್ಟು ಸರಳ ವಿಧಾನ ಸರಿಯಾಗಿ ಹಿಡಿಯುತ್ತದೆ. ಕೊರತೆ ಎಲ್ಲಿ ಎಂದರೆ, ಜರ್ನಲ್ ಶೆಲ್‌ಗೆ (ಬೇರಿಂಗ್‌ನ ಒಳಗೋಡೆಗೆ) ತೀರಾ ಹತ್ತಿರ ಬಂದಾಗ ಶಾರ್ಟ್ ಬೇರಿಂಗ್ ಸೂತ್ರ ಒತ್ತಡವನ್ನು ಹೆಚ್ಚಾಗಿ ತೋರಿಸುತ್ತದೆ. ಹಾಗಾಗಿ ಫಿಲ್ಮ್ ಇರುವುದಕ್ಕಿಂತ ದಪ್ಪ ಕಾಣುತ್ತದೆ. ಡಿಸೈನ್ ಮಾಡುವವರಿಗೆ ಇದು ಅಪಾಯದ ಕಡೆಗಿನ ತಪ್ಪು.

ಆಯಿಲ್ ಪದರವನ್ನು ಸಣ್ಣ ಸಣ್ಣ ಸೆಲ್‌ಗಳಾಗಿ ಹಂಚಿ ಸಮೀಕರಣ ಬಿಡಿಸುವ ಫೈನೈಟ್ ಡಿಫರೆನ್ಸ್ ಈ ಕೊರತೆಯನ್ನು ತುಂಬುತ್ತದೆ. ಎರಡೂ ದಿಕ್ಕಿನ ಹರಿವು ಲೆಕ್ಕಕ್ಕೆ ಬರುತ್ತದೆ, ಒತ್ತಡ ಋಣವಾದಲ್ಲಿ ಸೊನ್ನೆ ಮಾಡುತ್ತಾ ಹೋದರೆ ಸಾಕು. ಬರೆಯುವುದು ಸುಲಭ, ಓಡಿಸಿದರೆ ಕೈಕೊಡುವುದೂ ಇಲ್ಲ. ಕನಿಷ್ಠ ಫಿಲ್ಮ್ ದಪ್ಪ ಮೊಬಿಲಿಟಿಗಿಂತ ತುಸು ಕಡಿಮೆ ಬಂತು. ಆದರೆ ಅದು ಬರುವ ಕ್ರ್ಯಾಂಕ್ ಕೋನ ಹೆಚ್ಚುಕಡಿಮೆ ಅದೇ. ಅಗಲ ವ್ಯಾಸದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರುವ ಇಂಥ ಪಟ್ಟಿಗೆ ಅಷ್ಟೇ ವ್ಯತ್ಯಾಸ ನಿರೀಕ್ಷಿಸಬೇಕು.

ಈ ವಿಧಾನದ ಹುಳುಕು ಕಂಡದ್ದು ಆಯಿಲ್ ಹರಿವನ್ನು ಕೂಡಿಸಿ ನೋಡಿದಾಗ. ಸೈಕಲ್ ಪೂರ್ತಿ ಗ್ರೂವ್‌ನಿಂದ ಒಳಗೆ ಬಂದದ್ದು, ಅಂಚಿನಿಂದ ಹೊರಗೆ ಹೋದದ್ದು ತಾಳೆಯಾಗುವುದಿಲ್ಲ. ಒತ್ತಡವನ್ನು ಸೊನ್ನೆ ಮಾಡಿದ ಜಾಗದಲ್ಲಿ ಎಷ್ಟು ಆಯಿಲ್ ಉಳಿದಿದೆ ಎಂಬ ಲೆಕ್ಕವನ್ನೇ ಇದು ಇಡುವುದಿಲ್ಲ. ಲೋಡ್ ಮತ್ತೆ ಆ ಜಾಗಕ್ಕೆ ಬಂದ ಕ್ಷಣವೇ ಕ್ಲಿಯರೆನ್ಸ್ ತುಂಬಿದೆ ಎಂದು ಭಾವಿಸಿಬಿಡುತ್ತದೆ.

ಎಲ್ರಾಡ್ ಎಂಬುವರು 1981ರಲ್ಲಿ ಕೊಟ್ಟ ವಿಧಾನ ಈ ಲೆಕ್ಕವನ್ನು ಇಡುತ್ತದೆ. ಪ್ರತಿ ಸೆಲ್‌ನಲ್ಲೂ ಆಯಿಲ್ ಎಷ್ಟು ಪಾಲು ತುಂಬಿದೆ ಎಂಬುದೂ ಇಲ್ಲಿ ಒಂದು ಅಜ್ಞಾತ. ಚಿತ್ರ ಹಾಕಿ ನೋಡಿದರೆ, ಒಡೆದ ಜಾಗವನ್ನು ಗ್ರೂವ್ ಕಡೆಯಿಂದ ಆಯಿಲ್ ಮೆಲ್ಲಗೆ ತುಂಬುತ್ತಾ ಬರುವ ಅಂಚು ಎದ್ದು ಕಾಣುತ್ತದೆ. ಅದು ಪೂರ್ತಿ ತುಂಬುವ ಮೊದಲೇ ಲೋಡ್ ಅಲ್ಲಿಗೆ ಬಂದರೆ ಪಟ್ಟಿಯ ಒಂದು ಭಾಗವಷ್ಟೇ ಒತ್ತಡ ಹೊರುತ್ತದೆ, ಫಿಲ್ಮ್ ಇನ್ನೂ ತೆಳುವಾಗುತ್ತದೆ. ನಿಜವಾದ ಬೇರಿಂಗ್‌ನಲ್ಲಿ ಆಗುವುದು ಇದೇ.

ಆದರೆ ಓಡಿಸುವುದು ಹೈರಾಣು. ತುಂಬಿದ ಸೆಲ್‌ಗೆ 1, ತುಂಬದ್ದಕ್ಕೆ 0 ಎನ್ನುವ ಸ್ವಿಚ್ ಗಡಿಯಲ್ಲಿರುವ ಸೆಲ್‌ಗಳಲ್ಲಿ ಒಂದು ಸುತ್ತಿಗೆ 1, ಮರುಸುತ್ತಿಗೆ 0 ಎಂದು ಹೊಯ್ದಾಡುತ್ತಲೇ ಇರುತ್ತದೆ. ಆಯಿಲ್‌ನ ಬಲ್ಕ್ ಮಾಡ್ಯುಲಸ್ (ಒತ್ತಿದರೂ ಕುಗ್ಗದಿರುವ ಗುಣದ ಅಳತೆ) ಗಿಗಾಪಾಸ್ಕಲ್ ಮಟ್ಟದ್ದು. ಆ ನಿಜವಾದ ಬೆಲೆ ಕೊಟ್ಟರೆ ಲೆಕ್ಕ ಸಿಡಿದೇ ಹೋಗುತ್ತದೆ. ಬೆಲೆ ತಗ್ಗಿಸಿದರೆ ಓಡುತ್ತದೆ, ಆದರೆ ಗರಿಷ್ಠ ಒತ್ತಡದ ಮೇಲೆ ಕಣ್ಣಿಟ್ಟಿರಬೇಕು. ಸ್ವಿಚ್ ತೆಗೆದು, ಒತ್ತಡ ಮತ್ತು ಖಾಲಿ ಪಾಲು ಎರಡನ್ನೂ ಬೇರೆಬೇರೆ ಅಜ್ಞಾತಗಳಾಗಿಟ್ಟು, ಯಾವ ಸೆಲ್‌ನಲ್ಲೂ ಅವೆರಡರ ಗುಣಲಬ್ಧ ಸೊನ್ನೆ ಎಂದು ನ್ಯೂಟನ್ ವಿಧಾನದಲ್ಲಿ ಬಿಡಿಸುವ ಹೊಸ ರೂಪವೂ ಇದೆ. ಹಾಗೆ ಬರೆದ ಮೇಲೆ ಈ ಕಾಟ ನಿಂತಿತು. ಈಗ ಶುರು ಮಾಡುವವರು ನೇರವಾಗಿ ಅದನ್ನೇ ಬರೆಯಲಿ.

ನನ್ನ ಆಯ್ಕೆ ಹೀಗಿದೆ. ಕ್ಲಿಯರೆನ್ಸ್, ಅಗಲ ಇವನ್ನೆಲ್ಲ ಬದಲಾಯಿಸುತ್ತಾ ನೂರಾರು ಡಿಸೈನ್ ಜಾಲಾಡುವುದಿದ್ದರೆ ಮೊಬಿಲಿಟಿ. ಆಯಿಲ್ ಪಂಪ್ ಎಷ್ಟು ಕೊಡಬೇಕು, ಘರ್ಷಣೆಯಲ್ಲಿ ಎಷ್ಟು ಶಕ್ತಿ ಪೋಲಾಗುತ್ತದೆ, ಗ್ರೂವ್ ಎಲ್ಲಿರಬೇಕು ಎಂಬ ಪ್ರಶ್ನೆಗಳಿಗೆ ಎಲ್ರಾಡ್ ಬಳಗದ ವಿಧಾನ ಬಿಟ್ಟರೆ ಗತಿಯಿಲ್ಲ. ನಡುವಿನ ಫೈನೈಟ್ ಡಿಫರೆನ್ಸನ್ನು ನಾನೀಗ ಹೊಸ ಕೋಡ್ ತಾಳೆ ನೋಡಲು ಮಾತ್ರ ಬಳಸುತ್ತೇನೆ. ಇಂದಿನ ಕಾರುಗಳ ಹಗುರ ಕನೆಕ್ಟಿಂಗ್ ರಾಡ್ ಆದರೆ ಮೂರೂ ಸಾಲವು: ಲೋಡ್ ಬಿದ್ದಾಗ ಬಿಗ್ ಎಂಡ್ ಸೊಟ್ಟಗಾಗುವುದು ಫಿಲ್ಮ್ ದಪ್ಪಕ್ಕಿಂತ ಎಷ್ಟೋ ಹೆಚ್ಚು, ಅಲ್ಲಿ ಲೋಹದ ಬಾಗುವಿಕೆಯನ್ನೂ ಸೇರಿಸಲೇಬೇಕು.

ಯಾವ ವಿಧಾನ ಹಿಡಿದರೂ ವಿಸ್ಕಾಸಿಟಿಯನ್ನು (ಆಯಿಲ್‌ನ ಮಂದತನವನ್ನು) ಯಾವ ತಾಪಮಾನಕ್ಕೆ ತೆಗೆದುಕೊಂಡಿರಿ ಎಂದು ಬರೆದಿಡಿ. ಎಸ್‌ಎಇ 30 ಆಯಿಲ್ 80 ಡಿಗ್ರಿಯಿಂದ 100 ಡಿಗ್ರಿಗೆ ಏರುವಷ್ಟರಲ್ಲಿ ವಿಸ್ಕಾಸಿಟಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿಯುತ್ತದೆ. ಈ ಬೇರಿಂಗ್‌ನ ಫಿಲ್ಮ್ ದಪ್ಪದಲ್ಲಿ ಮೊದಲೆರಡು ವಿಧಾನಗಳ ನಡುವೆ ನಾನು ಕಂಡ ವ್ಯತ್ಯಾಸ ಅಷ್ಟಿರಲಿಲ್ಲ.